ಕಾಯಿ ಹಿಡಿದವರ ಮಾತು

೧೬ ಜನವರಿ ೧೯೮೪, ಸೋಮವಾರ

ಬರೀಬೇಕಂತೆ. ಅರವತ್ತು ದಾಟಿದ ಮೇಲೆ ನನ್ನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದಾಳೆ ಗುರುಶಾಂತ. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ಬೆತ್ತ ಎತ್ತಿದ ದಿನ ಸ್ಲೇಟನ್ನ ಕಿಟಕಿಯಿಂದ ಆಚೆ ಎಸೆದು ಮನೆಗೆ ಬಂದವನು ನಾನು. ಆಮೇಲೆ ಬರೆದದ್ದು ಅಂದರೆ ಶಂಭುಲಿಂಗಯ್ಯ ಅಂತ ರುಜು, ಅಷ್ಟೇ. ಈಗ ಇವಳು ಗೊಬ್ಬರದ ಅಂಗಡಿಯವರು ಕೊಟ್ಟ ಡೈರಿ ಮುಂದಿಟ್ಟು, "ಸಿಟ್ಟು ಬಂದಾಗಲೆಲ್ಲ ಇದರೊಳಗೆ ಬಯ್ಕೊಳ್ಳಿ. ನನಗಿರೋದು ಎರಡೇ ಕಿವಿ," ಅಂದಳು. ಹೆಂಡತಿ ಹೇಳಿದಳು ಅಂತ ಬರೀತಿಲ್ಲ. ಬರೀದಿದ್ದರೆ ಕಾಫಿ ಇಲ್ಲ ಅಂದಿದ್ದಾಳೆ, ಅದಕ್ಕೆ.

ಸಿಟ್ಟಿಗೆ ಕಾರಣ ಇವಳ ತಮ್ಮ ತೋಂಟದಾರ್ಯ. ತಿಪಟೂರಲ್ಲಿ ಕೊಬ್ಬರಿ ವ್ಯಾಪಾರ. ಸಂಕ್ರಾಂತಿಗೆ ನಮ್ಮೂರು ಬಿಳಿಗೆರೆಗೆ ಬಂದವನು ಹೊಟ್ಟೆ ತುಂಬ ಉಂಡು, ಎಲೆ ಎತ್ತುವ ಮೊದಲೇ ಶುರು ಮಾಡಿದ. "ಭಾವ, ಬಾವಿಗೆ ಅರ್ಧ ಕಟ್ಟೆ. ಹಿತ್ತಲಿಗೆ ಅರ್ಧ ಗೋಡೆ. ಹಾರ್ಮೋನಿಯಂ ಅರ್ಧ ಕಲಿತು ಅಟ್ಟಕ್ಕೆ ಹಾಕಿದ್ರಿ. ಕೊಬ್ಬರೀನೂ ಅಷ್ಟೇ, ಅದು ಒಣಗೋವರೆಗೂ ತಾಳಲ್ಲ, ಒಡೆದು ಹಾಳು ಮಾಡ್ತೀರಿ. ಊರೋರು ನಿಮಗೆ ಅರ್ಧ ಶಂಭಣ್ಣ ಅಂತಾರೆ, ಗೊತ್ತಾ?"

ನನಗೆ ಗೊತ್ತಿರಲಿಲ್ಲ. ಗುರುಶಾಂತಳ ಮುಖ ನೋಡಿದೆ. ಅವಳು ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಅಂದರೆ ಅವಳಿಗೆ ಗೊತ್ತಿತ್ತು.

ಆಗ ಬಾಯಿಗೆ ಬಂದದ್ದು ಆಡಿಬಿಟ್ಟೆ. ಎರಡು ವರ್ಷದಿಂದ ತಲೆಯಲ್ಲಿ ಒಂದು ಆಟ ಸುತ್ತುತ್ತಿದೆ, ಯಾರಿಗೂ ಹೇಳಿರಲಿಲ್ಲ. ಯುಗಾದಿ ದಿನ ನಮ್ಮ ಜಗಲಿ ಮೇಲೆ ಬೆಳಗಿಂದ ಸಂಜೆವರೆಗೂ ಇಸ್ಪೀಟು ನಡೆಯೋದು ಅಪ್ಪನ ಕಾಲದ ರೂಢಿ. ಕಟ್ಟು ತರೋನು ಇದೇ ತೋಂಟದಾರ್ಯ. "ಈ ಸಲ ನಿನ್ನ ಕಟ್ಟು ಬಿಚ್ಚಲ್ಲ ಕಣೋ. ನಾನು ಮಾಡಿದ ಆಟ ಆಡ್ತಾರೆ, ಕೊನೇವರೆಗೂ ಆಡ್ತಾರೆ. ಆಡದೇ ಹೋದರೆ ಅರ್ಧ ಶಂಭಣ್ಣ ಅಂತ ನಾನೇ ಬಾಗಿಲ ಮೇಲೆ ಬರೆಸ್ತೀನಿ," ಅಂದೆ.

"ಅದನ್ನಾದರೂ ಪೂರ್ತಿ ಬರೆಸಿ ಭಾವ," ಅಂದ.

ಕೈಯಲ್ಲಿದ್ದ ಲೋಟ ಎಸೆದೆ. ಅವನಿಗೆ ತಾಗಲಿಲ್ಲ.

೨೨ ಜನವರಿ, ಭಾನುವಾರ

ಹಲಸಿನ ಹಲಗೆ ಸಿಕ್ಕಿತು. ದನದ ಕೊಟ್ಟಿಗೆ ಬಾಗಿಲಿಗೆ ಅಂತ ತಂದು ಬಿಟ್ಟಿದ್ದು. (ಅದೂ ಅರ್ಧ. ಹೋಗಲಿ.) ಉಳಿ ಹಿಡಿದು ಮನೆಗಳನ್ನ ಕೊರೀತಿದ್ದೀನಿ. ಚೌಕಾಬಾರದ ಹಾಗೆ ಚೌಕಟ್ಟಲ್ಲ, ಹಾವು ಹರಿದ ಹಾಗೆ ದಾರಿ. ಈ ತುದಿಯಲ್ಲಿ ಹಳೇ ತೋಟ, ಆ ತುದಿಯಲ್ಲಿ ದುರ್ಗ. ನಡುವೆ ಸುಂಕದ ಕಟ್ಟೆ, ಕೆರೆ ಏರಿ, ಚಿರತೆ ಗುಡ್ಡ, ಸಂತೆ.

ಕಥೆ ಹೀಗೆ. ದುರ್ಗದ ದೊರೆ ಮಗಳಿಗೆ ಮಾತು ನಿಂತುಹೋಗಿದೆ. ಹಳೇ ತೋಟದ ಒಂದು ಕಾಯಿ ಅವಳ ಕೈಸೇರಿದರೆ ಮಾತು ಬರುತ್ತೆ. ಅದನ್ನ ಒಯ್ಯೋರು ನಾಲ್ಕು ಜನ: ಗಾಡಿ ಯಜಮಾನ, ಕಾವಲುಗಾರ, ಕೊರವಂಜಿ, ಇನ್ನೊಬ್ಬ ಕಳ್ಳ. ಕಳ್ಳ ಅಂತ ಎಲ್ಲರಿಗೂ ಗೊತ್ತು, ಆದರೆ ದಾರಿ ಗೊತ್ತಿರೋನು ಅವನೊಬ್ಬನೇ. ನಾಲ್ಕು ಜನಕ್ಕೂ ಕರಟದಲ್ಲಿ ಬೊಂಬೆ ಮಾಡ್ತೀನಿ. ಕವಡೆ ಬಿಟ್ಟಷ್ಟು ಮನೆ ನಡೀಬೇಕು. ನಿಂತ ಮನೆಯಲ್ಲಿ ಏನು ಎದುರಾಯ್ತು ಅಂತ ಭಾಗವತನ ಹಾಗೆ ನಾನು ಹೇಳ್ತೀನಿ. ಬೊಂಬೆ ಹಿಡಿದವರು ಆ ವೇಷ ಆಗಿ ಮಾತಾಡಬೇಕು.

ಇಸ್ಪೀಟಿನ ರಾಜನಿಗೆ ಮುಖ ಇದೆ, ಮಾತಿಲ್ಲ. ಬಯಲಾಟದಲ್ಲಿ ಮಾತಿದೆ, ಆದರೆ ಹಿಂದಿನೋರು ಕಟ್ಟಿಟ್ಟಿದ್ದು. ನನ್ನ ಆಟದಲ್ಲಿ ಅವರವರ ಮಾತು ಅವರವರದು. ಇಂಥದ್ದು ಯಾರೂ ಮಾಡಿಲ್ಲ ಅಂದ್ಕೊಂಡಿದ್ದೀನಿ. ಮಾಡಿದ್ದರೂ ಬಿಳಿಗೆರೆಯಲ್ಲಿ ಮಾಡಿಲ್ಲ.

೩ ಫೆಬ್ರವರಿ

ಕರಟ ಉಜ್ಜುವಾಗ ಹೆಬ್ಬೆಟ್ಟು ಕುಯ್ದುಕೊಂಡೆ. ಕೆಲಸ ಇಲ್ಲ. ಬರೆಯೋಕೂ ಏನಿಲ್ಲ. ಕಾಫಿ ಬರಲಿ.

೧೨ ಫೆಬ್ರವರಿ, ಭಾನುವಾರ

ಹಲಗೆಗೆ ಹಸಿರು, ಕೆಂಪು, ಹಳದಿ ಬಣ್ಣ ಹಚ್ಚಿ ಮುಗಿಸಿದ್ದೆ. ಇವತ್ತು ಮೊದಲನೇ ಸಲ ಆಡಿಸಿದೆ. ಯಾಕಾದರೂ ಆಡಿಸಿದೆನೋ.

ಶೆಟ್ಟಿಕೆರೆ ಬಸ್ಸಿನ ಕಂಡಕ್ಟರು ಬೆಟ್ಟಸ್ವಾಮಿ ಪಕ್ಕದ ಮನೆಯವನು, ಅವನಿಗೆ ಗಾಡಿ ಯಜಮಾನನ ವೇಷ. ಗುರುಶಾಂತಳಿಗೆ ಕಾವಲು. ಕೊಬ್ಬರಿ ಕೆಲಸಕ್ಕೆ ಬರೋ ಪುಟ್ಟಗಂಗಮ್ಮನಿಗೆ ಕೊರವಂಜಿ. ಕಾಯಿ ಕೀಳೋ ಗಿಡ್ಡಯ್ಯ ಕಳ್ಳ.

ಸುಂಕದ ಕಟ್ಟೆ ಬಂತು. ಸುಂಕದವನು ಕತ್ತಿ ಹಿಡಿದು ಅಡ್ಡ ನಿಂತ ಅಂತ ಹೇಳಿದೆ.

"ನಾನು ಮರ ಹತ್ತಿ ಕೂತ್ಕೋತೀನಿ," ಅಂದ ಗಿಡ್ಡಯ್ಯ.

"ಅಲ್ಲಿ ಮರ ಇಲ್ಲ."

"ತಿಪಟೂರು ಸೀಮೇಲಿ ಮರ ಇಲ್ದಿರೋ ಜಾಗ ಎಲ್ಲೈತೆ ಯಜಮಾನ್ರೇ?"

ಬೆಟ್ಟಸ್ವಾಮಿ ಕಿಸಕ್ಕನೆ ನಕ್ಕ. ನಗೋ ಜಾಗ ಅಲ್ಲ ಕಣಪ್ಪ ಅದು, ಕತ್ತಿ ಕಾಳಗದ ಜಾಗ ಅಂದೆ. ಹೇಗೆ ಹೊಡೆದಾಡಬೇಕು ಅಂತ ಹೇಳಿಕೊಟ್ಟೆ. ಗಂಗಮ್ಮ, "ನಾನೇನು ಮಾತಾಡ್ಲಿ?" ಅಂದಳು. ಅದನ್ನೂ ಹೇಳಿಕೊಟ್ಟೆ. ಇಸ್ಕೂಲು ಮಗು ಪಾಠ ಒಪ್ಪಿಸೋ ಹಾಗೆ ಒಪ್ಪಿಸಿದಳು. "ಜೋರಾಗಿ," ಅಂದೆ. "ಹಾಗಲ್ಲ," ಅಂದೆ. "ಇನ್ನೊಂದು ಸಲ," ಅಂದೆ. ಗುರುಶಾಂತ ತನ್ನ ಬೊಂಬೆ ಕೆಳಗಿಟ್ಟು, "ನಾಲ್ಕು ವೇಷಾನೂ ನೀವೇ ಹಾಕ್ಕೊಳ್ಳಿ. ನಾವು ಕೂತು ನೋಡ್ತೀವಿ," ಅಂದಳು.

ಆಮೇಲೆ ಬೆಟ್ಟಸ್ವಾಮಿಗೆ ಬಸ್ಸಿನ ಹೊತ್ತಾಯ್ತು. ಇವತ್ತು ಅವನಿಗೆ ರಜಾ! ಗಂಗಮ್ಮನಿಗೆ ಹಸು ನೆನಪಾಯ್ತು. ಅವಳಿಗೆ ಹಸುವೇ ಇಲ್ಲ. ಗಿಡ್ಡಯ್ಯ ನೆಪವನ್ನೂ ಹುಡುಕದೆ ಎದ್ದುಹೋದ. ಗಾಡಿ ಸುಂಕದ ಕಟ್ಟೆ ದಾಟಲಿಲ್ಲ.

ಇವರಿಗೆ ಆಡೋದು ಗೊತ್ತಿಲ್ಲ. ಇಂಥ ಜನ ಕಟ್ಟಿಕೊಂಡು ಯಾವ ಆಟ ಮಾಡಲಿ?

೧೩ ಫೆಬ್ರವರಿ

ಹಲಗೆ, ಬೊಂಬೆ, ಕವಡೆ ಎಲ್ಲ ಗೋಣಿಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದೆ. ಹಾರ್ಮೋನಿಯಂ ಪಕ್ಕ.

೧ ಮಾರ್ಚ್, ಗುರುವಾರ

ನಡುವೆ ಬರೀಲಿಲ್ಲ. ಇವಳೂ ಕಾಫಿ ನಿಲ್ಲಿಸಲಿಲ್ಲ. ನನ್ನನ್ನ ನೋಡಿ ಪಾಪ ಅನ್ನಿಸಿರಬೇಕು. ಅದು ಬೈಗುಳಕ್ಕಿಂತ ಕಷ್ಟ.

ಇವತ್ತು ಕಿಬ್ಬನಹಳ್ಳಿಯಲ್ಲಿ ಬಸ್ಸಿಗೆ ಕಾಯ್ತಿದ್ದೆ. ಹೋಟೆಲಿನವನು ಟೀ ಕೊಡ್ತಾ, "ಬಾಗಿಲಿಗೆ ಬಣ್ಣ ಬಂತಾ ಶಂಭಣ್ಣ?" ಅಂದ. ಬೆಂಚಿನಲ್ಲಿ ಕೂತೋರೆಲ್ಲ ಲೋಟದೊಳಗೆ ಮುಖ ಇಟ್ಟುಕೊಂಡು ನಕ್ಕರು. ಏನು ಅಂತ ತಿಳೀಲಿಲ್ಲ. ಬಸ್ಸು ಹತ್ತಿದ ಮೇಲೆ ತಿಳೀತು. ಬೆಟ್ಟಸ್ವಾಮಿ ಟಿಕೆಟ್ಟು ಹರಿಯೋದು ಬಿಟ್ಟು ಸೀಟಿನ ಕೆಳಗಿಂದ ಒಂದು ಡಬ್ಬ ತೆಗೆದುಕೊಟ್ಟ. ಬಿಳೀ ಬಣ್ಣದ ಡಬ್ಬ, ಜೊತೆಗೆ ಒಂದು ಬ್ರಷ್ಷು.

"ನಿಮ್ಮ ಭಾಮೈದ ಕಳಿಸಿದ್ದು. ದೊಡ್ಡಕ್ಷರದಲ್ಲಿ ಬರೆಸ್ಬೇಕಂತೆ. ನನ್ನ ಮೇಲೆ ಕೂಗಾಡಬೇಡಿ ಶಂಭಣ್ಣ, ನಾನು ಬರೀ ಸಾಮಾನು ಸಾಗಿಸೋನು."

ಕೂಗಾಡಲಿಲ್ಲ. ಡಬ್ಬ ತೊಡೆ ಮೇಲೆ ಇಟ್ಟುಕೊಂಡು ಮನೆವರೆಗೂ ಬಂದೆ. ಬಂದವನೇ ಏಣಿ ಹಾಕಿ ಅಟ್ಟ ಹತ್ತಿದೆ.

ಹಲಗೆ ಹಾಳಾಗಿದೆ. ಕಾಪಾಡಬೇಕಾದ್ದನ್ನೆಲ್ಲ ಅಟ್ಟಕ್ಕೆ ಹಾಕೋ ಬುದ್ಧಿ ನಮಗೆ. ಕೆಳಗಡೆ ಒಲೆ ಇದೆ, ಕಾಯಿ ಒಣಗಲಿ ಅಂತಲೇ ಹೊಗೆ ಮೇಲೆ ಬಿಡ್ತೀವಿ, ಅದು ಹಸೀ ಬಣ್ಣಕ್ಕೂ ಬಡಿಯುತ್ತೆ ಅನ್ನೋದು ತಲೆಗೆ ಹೋಗಲಿಲ್ಲ. ಹಸಿರು ಇಲ್ಲ, ಕೆಂಪು ಇಲ್ಲ. ಸುಲಿದ ಎಮ್ಮೆ ಚರ್ಮದ ಹಾಗೆ ಕರ್ರಗೆ, ಜಿಗುಟು ಜಿಗುಟಾಗಿ ಬಿದ್ದಿದೆ.

ಯುಗಾದಿಗೆ ಒಂದು ತಿಂಗಳು. ಏಣಿ ಮೇಲೆ ಕೂತೇ ಇದ್ದೆ. ಗುರುಶಾಂತ ಕೆಳಗಿಂದ, "ಇಳೀತೀರೋ, ಅಲ್ಲೇ ಒಣಗ್ತೀರೋ?" ಅಂದಳು.

೪ ಮಾರ್ಚ್, ಭಾನುವಾರ

ಹಲಗೆಯನ್ನ ಒಲೆಗೆ ಹಾಕು ಅಂದಿದ್ದೆ. ಗುರುಶಾಂತ ಹಾಕಲಿಲ್ಲ. ತೆಂಗಿನ ನಾರು, ಕೊಬ್ಬರಿ ಎಣ್ಣೆ ತಗೊಂಡು ಜಗಲಿ ಮೇಲೆ ಉಜ್ಜೋಕೆ ಕೂತಳು. ಬಣ್ಣ ಸಿಪ್ಪೆಸಿಪ್ಪೆಯಾಗಿ ಎದ್ದಿತು. ಅದರ ಅಡಿಯಲ್ಲಿ ಹಲಸಿನ ಮರ ಅರಿಶಿನದ ಹಾಗೆ ಹೊಳೀತಿದೆ. ನಾನು ಉಳಿಯಿಂದ ಕೊರೆದ ಗೆರೆಯೊಳಗೆ ಮಾತ್ರ ಮಸಿ ಕೂತುಬಿಟ್ಟಿದೆ. ಎಷ್ಟು ಉಜ್ಜಿದರೂ ಹೋಗಲ್ಲ. ಹಳದಿ ಮೇಲೆ ಕಪ್ಪು ದಾರಿ. ಬಣ್ಣ ಹಚ್ಚಿದ್ದಾಗ ಇಷ್ಟು ಚೆನ್ನಾಗಿರಲಿಲ್ಲ. ಇದನ್ನ ಅವಳ ಮುಂದೆ ಹೇಳಲಿಲ್ಲ, ಇಲ್ಲಿ ಬರೀತಿದ್ದೀನಿ.

ಅಲ್ಲೇ ಪಕ್ಕದಲ್ಲಿ ಗಂಗಮ್ಮ ಅಟ್ಟದಿಂದ ಇಳಿಸಿದ ಕಾಯಿ ನೋಡ್ತಿದ್ದಳು. ಕಾಯಿಯನ್ನ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗಿನ ತಿರುಳು ಒಣಗಿ ಗಿಟುಕಾಗಿ, ಚಿಪ್ಪು ಬಿಟ್ಟು ಗುಡುಗುಡು ಅಂದರೆ ಕೊಬ್ಬರಿ ಆಯ್ತು. ಇಲ್ಲದಿದ್ದರೆ ವಾಪಸ್ಸು ಅಟ್ಟಕ್ಕೆ. ಆ ಹೊತ್ತಿನಲ್ಲಿ ಯಾರೂ ಉಸಿರೂ ಬಿಡಬಾರದು. ಈ ಮನೆಗೆ ಆ ಕಾಯಿದೆ ಮಾಡಿದವನು ನಾನೇ.

ನಾನು ತೋಂಟದಾರ್ಯನಿಗೆ ಬಯ್ತಿದ್ದೆ. ಗಂಗಮ್ಮ ಕಾಯಿ ಕಿವಿಗೆ ಹಿಡಿದಳು. ನಿಲ್ಲಿಸಿದೆ. ಮತ್ತೆ ಶುರು ಮಾಡಿದೆ. ಮತ್ತೆ ಹಿಡಿದಳು. ಮತ್ತೆ ನಿಲ್ಲಿಸಿದೆ. ಮೂರನೇ ಸಲ ನೋಡ್ತೀನಿ, ಅದೇ ಕಾಯಿ.

"ಅದು ಆಗಲೇ ನೋಡಿದ ಕಾಯಲ್ವೇನೇ?"

"ಹೂಂ ಯಜಮಾನ್ರೇ. ನಿಮ್ಮ ಬಾಯಿ ಮುಚ್ಚಾಕೆ ಬೇರೆ ದಾರಿ ಕಾಣ್ಲಿಲ್ಲ."

ಗುರುಶಾಂತ ನಾರು ಕೆಳಗೆ ಹಾಕಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಇಷ್ಟು ವರ್ಷ ನನಗೆ ಹೊಳೀಲಿಲ್ಲವಲ್ಲೇ ಗಂಗಮ್ಮ! ಅಷ್ಟೆಲ್ಲ ಕಾಯಿ ಮನೇಲೇ ಇತ್ತು!" ಆಮೇಲೆ ಕಣ್ಣು ಒರೆಸಿಕೊಂಡು, "ರೀ, ಇದನ್ನ ಆಟಕ್ಕೆ ಇಟ್ಕೊಳ್ಳಿ. ದುರ್ಗಕ್ಕೆ ಒಯ್ಯೋ ಕಾಯಿ ಇದೇ. ಕೈಯಲ್ಲಿ ಕಾಯಿ ಇದ್ದವರು ಮಾತಾಡಬೇಕು, ಮಿಕ್ಕೋರು ಸುಮ್ಮನಿರಬೇಕು. ಭಾಗವತನೂ ಸೇರಿ," ಅಂದಳು.

ಕಾಯಿ ಸುಮ್ಮನಿರೋಕೆ ಹೇಳೋದು, ನಾನು ಕೇಳೋದು! ಆಗಲ್ಲ ಅಂದೆ. ಗಂಗಮ್ಮ ಕಾಯಿಯನ್ನ ಕಿವಿಗೆ ಹಿಡಿದಳು.

ಒಂದು ಸಲ ನೋಡೋಣ ಅಂದಿದ್ದೀನಿ. ಒಂದೇ ಸಲ.

೧೧ ಮಾರ್ಚ್, ಭಾನುವಾರ

ಸುಂಕದ ಕಟ್ಟೆ ದಾಟಿತು!

ಅದೇ ನಾಲ್ಕು ಜನ. ಬೆಟ್ಟಸ್ವಾಮಿಯನ್ನ ನಾನೇ ಹೋಗಿ ಕರೆದೆ. "ಬಯ್ಯಲ್ಲ ಅಂದರೆ ಬರ್ತೀನಿ," ಅಂದ. "ಬಾರೋ," ಅಂದೆ, ಅಷ್ಟೇ. ಸುಂಕದವನು ಕತ್ತಿ ಹಿಡಿದು ಅಡ್ಡ ನಿಂತ ಅಂತ ಹೇಳಿ ಕಾಯಿಯನ್ನ ಗಂಗಮ್ಮನ ಕೈಗೆ ಕೊಟ್ಟೆ. ಕಾಳಗ ಆಗಬೇಕು, ಕವಡೆಯಲ್ಲಿ ಚೌಕ ಬಿದ್ದರೆ ಗೆಲುವು, ಅಂತ ನನ್ನ ಲೆಕ್ಕ.

ಗಂಗಮ್ಮ ಕಾಯಿಯನ್ನ ಮಡಿಲಲ್ಲಿ ಇಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು. ನಾಲಿಗೆ ತುದಿಗೆ ಬಂದದ್ದನ್ನ ನುಂಗಿಕೊಂಡೆ. ಆಮೇಲೆ ಅವಳು ನನ್ನ ಕೈ ಹಿಡಿದೆಳೆದು ಅಂಗೈ ನೋಡಿದಳು. ನಾನೇ ಸುಂಕದವನಂತೆ!

"ಅಯ್ಯೋ ನನ್ನಪ್ಪ, ಇಲ್ಲಿ ಕತ್ತಿ ಹಿಡಕೊಂಡು ನಿಂತಿದ್ದೀಯಲ್ಲೋ. ಅಲ್ಲಿ ನಿನ್ನ ಹೆಂಡ್ರು ನೋವು ತಿಂತಾ ಅವಳೆ. ಬೆಳಗ್ಗಿಂದ ಬಾಗಿಲು ನೋಡ್ತಾ ಅವಳೆ. ಗಂಡು ಮಗ ಕಣೋ, ಅಪ್ಪನ ಮೂಗೇ."

ನನ್ನ ಕಥೆಯಲ್ಲಿ ಸುಂಕದವನಿಗೆ ಹೆಂಡತಿ ಇಲ್ಲ. ಮಗ ಇಲ್ಲ. ಅದನ್ನ ಹೇಳೋಣ ಅಂದರೆ ಕಾಯಿ ಅವಳ ಕೈಲಿದೆ. ಆ ಕಾಯಿ ನನ್ನ ಕೈಗೆ ಬರೋ ಹೊತ್ತಿಗೆ ನನಗೇ ಆ ಸುಂಕದವನ ಮನೆ ಕಾಣಿಸಿತ್ತು, ಹಿತ್ತಿಲಲ್ಲಿ ನುಗ್ಗೆಮರ ಸಮೇತ. "ಸುಂಕದವನು ಕತ್ತಿ ಅಲ್ಲೇ ಬಿಟ್ಟು ಓಡಿದ," ಅಂದೆ.

ಗಿಡ್ಡಯ್ಯ ಆ ಕತ್ತಿ ಕದ್ದ. ಕಳ್ಳ ಅಲ್ಲವಾ!

ಚಿರತೆ ಗುಡ್ಡದವರೆಗೂ ಹೋದರು. ಕತ್ತಲಾಯ್ತು ಅಂತ ನಿಲ್ಲಿಸಿದರೆ, "ನಾಳೆ ಕೆಲಸಕ್ಕೆ ಬೇಗ ಬಂದುಬುಡ್ತೀನಿ, ಅರ್ಧ ಗಂಟೆ ಆಡಾವಾ?" ಅಂತ ಗಂಗಮ್ಮನೇ ಕೇಳಿದಳು.

೨೦ ಮಾರ್ಚ್

ಕೆರೆ ಏರಿಗೆ ಏನು ಎದುರಾಗುತ್ತೆ ಅಂತ ನಾನು ಮೊದಲೇ ಬರೆದಿಟ್ಟಿದ್ದನ್ನ ಹೊಡೆದುಹಾಕಿದೆ. ಗುರುಶಾಂತ, "ಏರಿ ಮೇಲೆ ಒಬ್ಬಳು ಮುದುಕಿ ಕೂತಿರಲಿ. ಏನು ಕೇಳಿದರೂ ಹೂಂ ಅನ್ನಲಿ," ಅಂದಳು. ಅದು ನನ್ನ ಯೋಚನೆಗಿಂತ ಚೆನ್ನಾಗಿತ್ತು. ಬೆಟ್ಟಸ್ವಾಮಿ ದಿನಾ ಬಸ್ಸಿನಲ್ಲಿ ಯಾರೋ ಆಡಿದ ಮಾತು ತರ್ತಾನೆ, ಸಂತೆ ಮನೆಗೆ ಹಾಕಿಕೊಳ್ಳಿ ಅಂತ. ಅವನು ಹತ್ತು ಮಾತು ಹೇಳೋವರೆಗೂ ಕೂತು ಕೇಳಿದೆ. ಎರಡು ಬಳಸಬಹುದು.

ಕಾವಲುಗಾರನ ಬೊಂಬೆ ಕಾಲು ಮುರಿದಿತ್ತು. ಹೊಸದು ಮಾಡಿದೆ. ಇದೇ ಹಳೇದಕ್ಕಿಂತ ನೆಟ್ಟಗೆ ನಿಲ್ಲುತ್ತೆ.

೨೫ ಮಾರ್ಚ್, ಭಾನುವಾರ

ಉಳಿದಿರೋದು ದುರ್ಗ ಒಂದೇ. ದೊರೆ ಮಗಳಿಗೆ ಮಾತು ಬಂದಾಗ ಏನು ಹೇಳಬೇಕು ಅಂತ ಬೆಳಗಿಂದ ಕೂತು ಬರೆದೆ. ಆ ಮಾತು ನಾನೇ ಆಡೋದು. ಒಂದು ಪುಟ ಆಗಿದೆ. ಸೂರ್ಯ ಚಂದ್ರ ಎಲ್ಲ ಇದ್ದಾರೆ. ಚೆನ್ನಾಗಿದೆ. ಬಾಯಿಪಾಠ ಮಾಡಿಕೊಳ್ತಿದ್ದೀನಿ.

ದುರ್ಗದ ಗೋಡೆ ಬರೀ ಮರದ ಬಣ್ಣದಲ್ಲಿ ಮಂಕಾಗಿ ಕಾಣ್ತಿತ್ತು. ತೋಂಟದಾರ್ಯ ಕಳಿಸಿದ ಡಬ್ಬ ಒಡೆದು ಬಿಳೀ ಬಣ್ಣ ಹಚ್ಚಿದೆ. ಒಳ್ಳೇ ಬಣ್ಣ. ಈ ಸಲ ಅಟ್ಟಕ್ಕೆ ಹಾಕಲಿಲ್ಲ, ಮಂಚದ ಕೆಳಗೆ ಇಟ್ಟಿದ್ದೀನಿ.

೩೧ ಮಾರ್ಚ್

ಗಿಡ್ಡಯ್ಯ ಹಬ್ಬಕ್ಕೆ ಮಗಳ ಮನೆಗೆ ಚಿಕ್ಕನಾಯಕನಹಳ್ಳಿಗೆ ಹೋಗ್ತಾನಂತೆ. ಕಳ್ಳ ಇಲ್ಲ. ಕಳ್ಳನಿಲ್ಲದೆ ದಾರಿ ತೋರಿಸೋರು ಯಾರು? ಮೊದಲಾಗಿದ್ದರೆ ಅವನ ಮೇಲೆ ಹಾರಿಬೀಳ್ತಿದ್ದೆ ಅಂತ ಗುರುಶಾಂತ ಹೇಳ್ತಾಳೆ. ಮಗಳು ಕರೆದಾಗ ಹೋಗದೇ ಇರೋಕಾಗುತ್ತಾ? ನೋಡೋಣ.

೨ ಏಪ್ರಿಲ್, ಸೋಮವಾರ, ಯುಗಾದಿ

ಮುಗೀತು.

ಮೊದಲಿಂದ ಬರೀತೀನಿ. ತೋಂಟದಾರ್ಯ ಹೊಸ ಪಂಚೆ ಉಟ್ಟು, ಹೊಸ ಇಸ್ಪೀಟು ಕಟ್ಟು ಹಿಡಿದು ಬಂದ. ಬಂದವನು ಮೊದಲು ಬಾಗಿಲು ನೋಡಿದ. "ಇನ್ನೂ ಬರೆಸಿಲ್ಲ?" ಅಂದ. ಬೇವು ಬೆಲ್ಲ ತಿನ್ನೋ ಮೊದಲು ಜಗಳ ಬೇಡ ಅಂತ ಚಾಪೆ ಹಾಸಿದೆ. ಜಗಲಿ ತುಂಬ ಜನ. ಅರ್ಧ ಜನ ಆಟ ನೋಡೋಕೆ, ಅರ್ಧ ಜನ ಬಾಗಿಲು ನೋಡೋಕೆ. ಹಲಗೆ ತಂದಿಟ್ಟೆ. ಯಾರೂ ನಗಲಿಲ್ಲ. ಯಾರೋ ಬಗ್ಗಿ ದಾರಿ ಮೇಲೆ ಬೆರಳಾಡಿಸಿದರು.

"ಕಳ್ಳ ಬೇಕು. ನೀನು ಕೂರು," ಅಂದೆ ತೋಂಟದಾರ್ಯನಿಗೆ.

"ಕೊಬ್ಬರಿ ವ್ಯಾಪಾರಿಗೆ ಕಳ್ಳನ ವೇಷ ಕೊಡ್ತೀರಾ ಭಾವ?"

"ಜಾಸ್ತಿ ಹೇಳಿಕೊಡೋದು ಬೇಡವಲ್ಲ ಅಂತ," ಅಂದಳು ಅವನ ಅಕ್ಕ. ಜಗಲಿಯೆಲ್ಲ ನಕ್ಕಿತು. ಕೂರದೇ ಗತಿ ಇರಲಿಲ್ಲ.

ಮೊದಲ ಮನೆಗಳಲ್ಲಿ ಬಿಗಿದುಕೊಂಡು ಕೂತಿದ್ದ. ಸಂತೆಯಲ್ಲಿ ಬೆಟ್ಟಸ್ವಾಮಿ ಗಾಡಿ ಯಜಮಾನನಾಗಿ ಎತ್ತಿಗೆ ಒಂದು ದರ ಕೇಳಿದ ನೋಡಿ, ಇವನಿಗೆ ತಡೆಯಲಾಗಲಿಲ್ಲ. ಕಾಯಿ ಕಸಿದುಕೊಂಡು, "ಲೇ, ಆ ದರಕ್ಕೆ ಕರಟಾನೂ ಬರಲ್ಲ ಕಣ್ಲಾ!" ಅಂತ ಶುರು ಮಾಡಿದವನು ಸಂತೆ ತುಂಬ ಕೂಗಾಡಿ, ಎರಡು ಎತ್ತು ಕೊಂಡು, ಒಂದನ್ನ ಮಾರಿ, ಲಾಭ ಮಾಡಿದ. ಅಲ್ಲಿಂದ ಮುಂದೆ ಅವನನ್ನ ಹಿಡಿಯೋರಿಲ್ಲ. ದುರ್ಗ ಇನ್ನು ಒಂದೇ ನೆಗೆತ ಅನ್ನುವಾಗ ಕಾಯಿಯನ್ನ ಮಡಿಲೊಳಗೆ ಹಾಕಿಕೊಂಡು, "ಕದ್ದೆ," ಅಂದ.

ಜಗಲಿ ಮೇಲೆ ಗಲಾಟೆಯಾಯ್ತು. ಕವಡೆ ಗುರುಶಾಂತಳ ಕೈಲಿತ್ತು. ಬಿಟ್ಟಳು. ನಾಲ್ಕೂ ಬೋರಲು. ಬಾರ, ಎಂಟು ಮನೆ! ನಾಲ್ಕೂ ಬೊಂಬೆ ದುರ್ಗದ ಬಿಳೀ ಗೋಡೆ ಮುಂದೆ ಹೋಗಿ ನಿಂತವು. ಎದುರಿಗೆ ದೊರೆ, ದೊರೆ ಮಗಳು. ಕಾಯಿ ಮಾತ್ರ ತೋಂಟದಾರ್ಯನ ಹತ್ತಿರ. ಯಾರೂ ಮಾತಾಡೋ ಹಾಗಿಲ್ಲ. ನಾನೂ.

ಅವನು ಏನೂ ಮಾತಾಡದೆ ಎದ್ದುಹೋದರೆ ಆಟ ಅಲ್ಲಿಗೇ ನಿಂತಿತು. ಒಂದು ಮನೆ ಬಾಕಿ ಉಳಿದರೂ ಅದು ಅರ್ಧವೇ. ಅದು ಅವನಿಗೂ ಗೊತ್ತು. ನನ್ನ ಮುಖ ನೋಡಿದ, ಬಾಗಿಲು ನೋಡಿದ. ನಾನು ಕೈ ಕಟ್ಟಿ ಕೂತಿದ್ದೆ.

ಕಾಯಿಯನ್ನ ಕಿವಿಗೆ ಹಿಡಿದು ಅಲ್ಲಾಡಿಸಿದ. ಬೀದಿಯಲ್ಲಿ ಹೋಗೋರೂ ನಿಂತರು. ಗುಡುಗುಡು.

"ದೊರೆ," ಅಂದ. ಬೇರೆ ದನಿ. "ನಾನು ಕಳ್ಳ. ದಾರಿಯುದ್ದಕ್ಕೂ ಇದನ್ನ ಮಾರೋಕೆ ನೋಡಿದೆ. ಕೇಳಿದೋರೆಲ್ಲ ಅಲ್ಲಾಡಿಸಿ, ಇನ್ನೂ ಆಗಿಲ್ಲ ಹೋಗು ಅಂದರು. ಇಲ್ಲಿಗೆ ಬರೋ ಹೊತ್ತಿಗೆ ಆಗಿದೆ. ಇಷ್ಟು ಚೆನ್ನಾಗಿ ಆಗಿರೋ ಕಾಯಿ ನನ್ನ ಅಂಗಡಿಯಲ್ಲೂ..." ಅಂತ ನಾಲಿಗೆ ಕಚ್ಚಿಕೊಂಡ. "ನನ್ನ ಜನ್ಮದಲ್ಲೇ ನೋಡಿಲ್ಲ. ತಗೋ. ಮಗಳಿಗೆ ಕೊಡು."

ಎರಡೂ ಕೈಯಲ್ಲಿ ಹಿಡಿದು ಹಲಗೆ ಆಚೆಗೆ ಚಾಚಿದ. ನಾನು ಸೂರ್ಯ ಚಂದ್ರರನ್ನ ನೆನೆಸಿಕೊಂಡು ಕೈ ನೀಡಿದೆ. ಅಷ್ಟರಲ್ಲಿ ಗುರುಶಾಂತ ಕಾಯಿ ಎತ್ತಿಕೊಂಡಳು. ದೊರೆ ಮಗಳ ಹಾಗೆ ಕತ್ತು ನೆಟ್ಟಗೆ ಮಾಡಿ, ಎಲ್ಲರನ್ನೂ ಒಂದು ಸುತ್ತು ನೋಡಿ, ಬಾಯಿ ಬಿಟ್ಟಳು.

"ಎಲ್ಲರೂ ಊಟಕ್ಕೆ ಏಳಿ. ಒಬ್ಬಟ್ಟು ಆರ್ತಿದೆ."

ಜಗಲಿ ಹಾರಿಹೋಗೋ ಹಾಗೆ ಕೂಗಿದರು. ಗಂಗಮ್ಮ ಕಣ್ಣೀರು ಬರೋ ಹಾಗೆ ನಕ್ಕಳು. ಬೆಟ್ಟಸ್ವಾಮಿ ಶೀಟಿ ಊದಿದ, ಹಬ್ಬದ ದಿನವೂ ಜೇಬಿನಲ್ಲಿ ಇಟ್ಟುಕೊಂಡಿದ್ದ. ನಾನೂ ನಕ್ಕೆ. ಒಂದು ಪುಟ ಬಾಯಿಪಾಠ ಮಾಡಿದ್ದು ಈಗ ನೆನಪಾಗ್ತಿದೆ. ಅವಳು ಹೇಳಿದ್ದೇ ಸರಿ. ವರ್ಷಗಟ್ಟಲೆ ಸುಮ್ಮನಿದ್ದವಳು ಮೊದಲು ಕೇಳೋದು ಊಟಾನೇ.

ಕಾಯಿ ಒಡೆದು ಎಲ್ಲರಿಗೂ ಹಂಚಿ ಅಂದರು. "ಮುಟ್ಟಬೇಡ್ರೋ. ಅದು ಇರಲಿ," ಅಂದೆ. ತೋಂಟದಾರ್ಯ ನನ್ನ ಮುಖವನ್ನೇ ನೋಡಿದ. ಯಾಕೋ ಗೊತ್ತಿಲ್ಲ.

ಊಟದ ಎಲೆ ಮುಂದೆ ಕೂತವನು ಅವನೇ ಕೇಳಿದ, "ಭಾವ, ಆ ಕಳ್ಳ ಆಮೇಲೆ ಏನಾದ?"

೪ ಏಪ್ರಿಲ್, ಬುಧವಾರ

ಇನ್ನು ಬರೀಬೇಡಿ, ಮನೆ ತಣ್ಣಗಿದೆ ಅಂತ ಗುರುಶಾಂತ ಡೈರಿ ಎತ್ತಿಡೋಕೆ ಬಂದಳು. ಕೊಡಲಿಲ್ಲ. ಮುಂದಿನ ಆಟಕ್ಕೆ ಬೇಕು.

ಹೊಸ ಹಲಗೆಗೆ ಕೈ ಹಾಕಿದ್ದೀನಿ. ಅರ್ಧ ಆಗಿದೆ. ನಾಳೆ ಬೆಳಗ್ಗೆ ಬೆಟ್ಟಸ್ವಾಮಿ ಕೈಯಲ್ಲಿ ಕಳಿಸೋ ಚೀಟೀನ ಮೊದಲು ಇಲ್ಲಿ ಬರೆದು ನೋಡ್ತೀನಿ:

ತೋಂಟದಾರ್ಯನಿಗೆ. ನಿನ್ನ ಇಸ್ಪೀಟು ಕಟ್ಟು ನಮ್ಮ ಜಗಲಿ ಮೇಲೆ ಬಿಟ್ಟುಹೋಗಿದ್ದೀಯ. ಬಿಚ್ಚಿಲ್ಲ, ಹಾಗೇ ಇದೆ. ಬಿಳೀ ಬಣ್ಣ ಸಾಲಲಿಲ್ಲ, ಇನ್ನೊಂದು ಡಬ್ಬ ತಾ. ಕಳ್ಳ ದುರ್ಗದಿಂದ ಹೊರಗೆ ಬಂದಿದ್ದಾನೆ, ಎತ್ತ ಹೋಗಬೇಕು ಅಂತ ನನಗೂ ಗೊತ್ತಿಲ್ಲ. ಬಾಯಿ ಬಿಟ್ಟು ಹೇಳೋನು ನೀನು. ಗಿಡ್ಡಯ್ಯ ಆ ವೇಷ ವಾಪಸ್ಸು ಕೇಳ್ತಿದ್ದಾನೆ, ನಿನಗೆ ಅಂತ ಹಿಡಿದಿಟ್ಟಿದ್ದೀನಿ. ಭಾನುವಾರಗಳಲ್ಲಿ ಬರ್ತೀಯೋ ಇಲ್ಲವೋ? ಎರಡರಲ್ಲಿ ಒಂದು ಹೇಳು. ಹದಿನೈದರ ಭಾನುವಾರ ಆಟ, ಏಪ್ರಿಲ್ ಹದಿನಾಲ್ಕರೊಳಗೆ ಉತ್ತರ ಬರಬೇಕು.